ನಾಲ್ಕು ತಿಂಗಳ ಬೆಕ್ಕಿನ ಮರಿ ಕೈ ಕಂಡರೆ ಕಚ್ಚುತ್ತದೆ, ಏನು ಮಾಡಲಿ?

ಪ್ರಶ್ನೆ (ಶಿಡ್ಲಘಟ್ಟ ತಾಲ್ಲೂಕಿನ ಗೃಹಿಣಿ):

ಡಾಕ್ಟರ್ ಮೇಡಂ, ನಮಸ್ಕಾರ. ನಾವು ರೇಷ್ಮೆ ಹುಳು ಸಾಕುತ್ತೇವೆ. ಹುಳು ಮನೆಗೆ ಇಲಿ ಕಾಟ ಜಾಸ್ತಿ ಆಯಿತು ಅಂತ ಮೂರು ತಿಂಗಳ ಹಿಂದೆ ಪಕ್ಕದ ಮನೆಯಿಂದ ಒಂದು ಗಂಡು ಮರಿ ತಂದೆವು. ಆಗ ಅದಕ್ಕೆ ತಿಂಗಳು ತುಂಬಿತ್ತು, ಅಷ್ಟೇ. ಹೆಸರು ಗುಂಡ. ಚಿಕ್ಕದಿದ್ದಾಗ ನಮ್ಮ ಯಜಮಾನರು ಬೆರಳು ಆಡಿಸುತ್ತಿದ್ದರು. ಅದು ಹಿಡಿದು ಕಚ್ಚುತ್ತಿತ್ತು, ನಾವೆಲ್ಲ ನಗುತ್ತಿದ್ದೆವು. ಈಗ ಹಲ್ಲು ಸೂಜಿಯ ಹಾಗಿದೆ. ಬೆಳಿಗ್ಗೆ ಐದಕ್ಕೆ ಹುಳುವಿಗೆ ಸೊಪ್ಪು ಹಾಕಲು ಹೊರಟರೆ ಬಾಗಿಲ ಮರೆಯಿಂದ ಹಾರಿ ಕಾಲು ಹಿಡಿಯುತ್ತದೆ. ಮೊನ್ನೆ ಆರು ವರ್ಷದ ಮಗಳ ಮುಂಗೈಗೆ ಕಚ್ಚಿ ರಕ್ತ ಬಂತು. ಅತ್ತೆ ಅರಿಶಿನ ಹಚ್ಚಿದರು. ಗುಂಡ ರಾತ್ರಿ ಹೊರಗೂ ತಿರುಗುತ್ತದೆ. ಅದಕ್ಕೆ ಯಾವ ಸೂಜಿಯೂ ಹಾಕಿಸಿಲ್ಲ. ಎಲ್ಲಾದರೂ ಬಿಟ್ಟು ಬನ್ನಿ ಅಂತ ಅತ್ತೆ ಹೇಳುತ್ತಾರೆ, ಮಗಳು ಅಳುತ್ತಾಳೆ. ಇದರ ಗುಣವೇ ಹೀಗಾ? ತಿದ್ದಬಹುದಾ?

ಉತ್ತರ (ಪಶುವೈದ್ಯೆ, ಚಿಕ್ಕಬಳ್ಳಾಪುರ):

ಅಕ್ಕ, ಗುಂಡನ ಮಾತು ಆಮೇಲೆ. ಮೊದಲು ಮಗಳ ಕೈ. ಇವತ್ತೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೊರಡುವ ಮುಂಚೆ ನಲ್ಲಿ ನೀರು ಬಿಟ್ಟು, ಸೋಪು ಹಾಕಿ 15 ನಿಮಿಷ ಗಾಯ ತೊಳೆಯಿರಿ. ಮೊನ್ನೆ ಆದದ್ದಕ್ಕೆ ಇವತ್ತು ತೊಳೆದು ಏನಾಗಬೇಕು ಅನ್ನಬೇಡಿ. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಮನೆ ಬೆಕ್ಕೇ ಆದರೂ ಹೊರಗೆ ತಿರುಗುತ್ತದೆ, ಲಸಿಕೆ ಆಗಿಲ್ಲ. ರಕ್ತ ಬಂದ ಗಾಯಕ್ಕೆ ರೇಬೀಸ್ ಲಸಿಕೆಯ ಜೊತೆ ಗಾಯದ ಸುತ್ತ ಕೊಡುವ ಇಮ್ಯುನೋಗ್ಲಾಬ್ಯುಲಿನ್ (ಲಸಿಕೆ ಕೆಲಸ ಶುರು ಮಾಡುವ ತನಕ ಕಾಪಾಡುವ ಸೂಜಿ) ಕೂಡ ಬೇಕು. ಅದನ್ನು ಕೇಳಿ ಹಾಕಿಸಿ. ಲಸಿಕೆಯನ್ನು ಚರ್ಮದೊಳಗೆ ಕೊಟ್ಟರೆ ಮೊದಲ ದಿನ ಒಂದು ಸಲ, ಆಮೇಲೆ ಮೂರು, ಏಳು ಮತ್ತು 28 ದಿನ ಕಳೆದಾಗ. ಒಂದನ್ನೂ ತಪ್ಪಿಸಬೇಡಿ. ಇನ್ನೊಂದು ಮಾತು. ಬೆಕ್ಕಿನ ಹಲ್ಲು ಸಣ್ಣದು, ಗಾಯ ಆಳ. ಮೇಲೆ ಒಂದು ಚುಕ್ಕೆ ಕಾಣುತ್ತದೆ, ಒಳಗೆ ಕೀವು ಕಟ್ಟುತ್ತದೆ. ಕೈ ಊದಿ ಬಿಸಿಯಾಗಿದ್ದರೆ ಅದನ್ನೂ ಡಾಕ್ಟರಿಗೆ ತೋರಿಸಿ.

ಗುಂಡನನ್ನು 10 ದಿನ ಕಣ್ಣೆದುರಿಗೇ ಇಟ್ಟುಕೊಳ್ಳಿ, ಹೊರಗೆ ಬಿಡಬೇಡಿ. ಊಟ ಬಿಟ್ಟರೆ, ಮಂಕಾದರೆ, ಜೊಲ್ಲು ಸುರಿಸಿದರೆ ಮುಟ್ಟದೆ ನನಗೆ ತಿಳಿಸಿ. ಆದರೆ ಆ 10 ದಿನ ನೋಡಿಕೊಂಡು ಆಮೇಲೆ ಮಗಳಿಗೆ ಸೂಜಿ ಹಾಕಿಸೋಣ ಅಂತ ಕಾಯುವುದು ಬೇಡವೇ ಬೇಡ. ಬೆಕ್ಕು ಚೆನ್ನಾಗಿದ್ದರೆ 10 ದಿನ ಮುಗಿದ ಮೇಲೆ ಅದಕ್ಕೂ ಲಸಿಕೆ ಹಾಕಿಸೋಣ.

ಈಗ ಗುಂಡನ ವಿಷಯ. ಅದರ ಗುಣ ಕೆಟ್ಟಿಲ್ಲ ಅಕ್ಕ. ಅದು ಪಾಠ ಮುಗಿಯುವ ಮುಂಚೆ ಶಾಲೆ ಬಿಟ್ಟ ಮಗು. ಮರಿಗಳು ಒಂದರ ಮೇಲೊಂದು ಬಿದ್ದು ಕಚ್ಚಾಡುತ್ತವಲ್ಲ, ಅಲ್ಲೇ ಕಲಿಯುವುದು. ಜೋರಾಗಿ ಕಚ್ಚಿದರೆ ಇನ್ನೊಂದು ಮರಿ ಕಿರುಚಿ ಆಟ ಬಿಟ್ಟು ಹೋಗುತ್ತದೆ, ತಾಯಿ ಅದುಮಿ ಹಿಡಿಯುತ್ತದೆ. ಎಷ್ಟು ಕಚ್ಚಿದರೆ ನೋವಾಗುತ್ತದೆ ಅಂತ ಅದಕ್ಕೆ ಹಾಗೆ ಗೊತ್ತಾಗುತ್ತದೆ. ಅದಕ್ಕೇ ಕಡೇ ಪಕ್ಷ ಎಂಟು ವಾರ, ಸಾಧ್ಯವಾದರೆ 12 ವಾರ ತಾಯಿ ಜೊತೆ ಬಿಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಗುಂಡನಿಗೆ ಸಿಕ್ಕಿದ್ದು ನಾಲ್ಕು ವಾರ. ಆಮೇಲೆ ಆಟಕ್ಕೆ ಸಿಕ್ಕಿದ್ದು ನಿಮ್ಮ ಯಜಮಾನರ ಬೆರಳು. ಕೈ ಅಂದರೆ ಆಟದ ಸಾಮಾನು ಅಂತ ಅದು ನಂಬಿದೆ. ಮೇಲಿಂದ ಈಗ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಕಾಲ. ಆರೇಳು ತಿಂಗಳ ತನಕ ಒಸಡು ಕೆರೆಯುತ್ತದೆ, ಏನು ಸಿಕ್ಕರೂ ಅಗಿಯುತ್ತದೆ.

ಇವತ್ತಿಂದ ಮನೆಯಲ್ಲಿ ಯಾರೂ ಕೈಕಾಲು ಆಡಿಸಿ ಆಟವಾಡಿಸಬಾರದು. ಯಜಮಾನರಿಗೂ ಹೇಳಿ. ಒಬ್ಬರು ಆಡಿಸಿ ಇನ್ನೊಬ್ಬರು ಬೈದರೆ ಅದಕ್ಕೆ ಏನೂ ಅರ್ಥವಾಗುವುದಿಲ್ಲ. ಕಚ್ಚಿ ಹಿಡಿದಾಗ ಕೈ ಎಳೆದುಕೊಳ್ಳಬೇಡಿ. ಎಳೆದರೆ ಚರ್ಮ ಹರಿಯುತ್ತದೆ. ಓಡುವ ಇಲಿಯೂ ಹಾಗೇ ಎಳೆದಾಡುತ್ತದೆ ಅಲ್ವಾ, ಅದರ ಹಿಡಿತ ಇನ್ನೂ ಬಿಗಿಯಾಗುತ್ತದೆ. ಕೈಯನ್ನು ಅಲ್ಲೇ ಸುಮ್ನೆ ಸಡಿಲ ಬಿಡಿ, ಬೇಕಾದರೆ ಒಂಚೂರು ಅದರ ಬಾಯಿಯ ಕಡೆಗೇ ಒತ್ತಿ. ಬಿಡುತ್ತದೆ. ಬಿಟ್ಟ ಕೂಡಲೇ ಎದ್ದು ಆ ಕಡೆ ಹೋಗಿ. ಮಾತಿಲ್ಲ, ನೋಟವಿಲ್ಲ, ಒಂದೆರಡು ನಿಮಿಷ. ಕಚ್ಚಿದರೆ ಆಟ ಬಂದ್ ಅಂತ ತಿಳಿಯಬೇಕು.

ಆದರೆ ಆಟವನ್ನೇ ಬಂದ್ ಮಾಡಬೇಡಿ. ಬೇಟೆ ಬೆಕ್ಕಿನ ರಕ್ತದಲ್ಲಿದೆ. ಬೆಳಗಿನ ಜಾವ ಮತ್ತು ಮುಸ್ಸಂಜೆ ಅದಕ್ಕೆ ಮೈಯೆಲ್ಲ ಚುರುಕು. ನೀವು ಐದಕ್ಕೆ ಎದ್ದಾಗ ಕಾಲಿಗೆ ಬೀಳುವುದು ಅದಕ್ಕೇ. ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ನಿಮ್ಮ ಮನೆಯಲ್ಲಿ ರಾಶಿ ಇರುತ್ತದೆ. ಮೊಳದುದ್ದದ್ದು ಒಂದು ತೆಗೆದುಕೊಂಡು ತುದಿಗೆ ಹಳೇ ಬಟ್ಟೆಯ ಅಗಲ ಪಟ್ಟಿ ಗಂಟು ಹಾಕಿ. ನೆಲದ ಮೇಲೆ ಇಲಿ ಓಡಿದ ಹಾಗೆ ಎಳೆಯಿರಿ, ಚೀಲದ ಹಿಂದೆ ಬಚ್ಚಿಡಿ, ಮತ್ತೆ ಇಣುಕಿಸಿ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ಕೊನೆಗೆ ಹಿಡಿಯಲು ಬಿಡಿ, ಆಮೇಲೆ ಊಟ ಹಾಕಿ. ಬೇಟೆ ಆಯಿತು, ತಿಂದಿತು, ಮೈ ನೆಕ್ಕಿಕೊಂಡು ಮಲಗುತ್ತದೆ.

ಚಿಂತಾಮಣಿಯಿಂದ ಒಬ್ಬರು:

ನಮ್ಮ ಮನೆಯಲ್ಲಿ ಕಚ್ಚಿದಾಗ ಮೂಗಿನ ಮೇಲೆ ಒಂದು ಬಿಟ್ಟೆವು. ಈಗ ಹತ್ತಿರವೇ ಬರುವುದಿಲ್ಲ.

ಪಶುವೈದ್ಯೆ:

ಹತ್ತಿರ ಬರುವುದಿಲ್ಲ ಅಂದರೆ ಕಲಿತಿಲ್ಲ ಅಣ್ಣ, ಹೆದರಿದೆ. ಹೆದರಿದ ಬೆಕ್ಕು ಮೂಲೆಗೆ ಸಿಕ್ಕಾಗ ಕಚ್ಚುವುದು ಆಟದ ಕಡಿತ ಅಲ್ಲ, ಜೀವ ಉಳಿಸಿಕೊಳ್ಳುವ ಕಡಿತ. ಅದು ತುಂಬಾ ಆಳ. ಹೊಡೆಯುವುದು, ನೀರು ಎರಚುವುದು ದಯವಿಟ್ಟು ಬೇಡ.

ಗೌರಿಬಿದನೂರಿನಿಂದ ಒಬ್ಬರು:

ನಮ್ಮದು ತಾನೇ ಬಂದು ತೊಡೆ ಮೇಲೆ ಕೂರುತ್ತದೆ. ಸವರುತ್ತಾ ಇದ್ದರೆ ಇದ್ದಕ್ಕಿದ್ದಂತೆ ಕಚ್ಚುತ್ತದೆ. ಇದೂ ಆಟವಾ?

ಪಶುವೈದ್ಯೆ:

ಅಲ್ಲ, ಅದು ಸಾಕು ಅನ್ನುವ ಮಾತು. ಅದಕ್ಕೂ ಮುಂಚೆ ಬಾಲದ ತುದಿ ಪಟಪಟ ಹೊಡೆದುಕೊಳ್ಳುತ್ತದೆ, ಕಿವಿ ಹಿಂದಕ್ಕೆ ತಿರುಗುತ್ತದೆ, ಬೆನ್ನಿನ ಚರ್ಮ ನಡುಗುತ್ತದೆ. ಆಗಲೇ ಕೈ ತೆಗೆಯಿರಿ.

ಪ್ರಶ್ನೆ ಕೇಳಿದವರು:

ಮೇಡಂ, ಅವತ್ತೇ ಹೋಗಿ ಎರಡೂ ಸೂಜಿ ಹಾಕಿಸಿದೆವು. ಕೈ ಊದಿಲ್ಲ. ಮಗಳು ಬಟ್ಟೆ ಬದಲು ರೇಷ್ಮೆ ನೂಲಿಗೆ ಕಾಗದ ಕಟ್ಟಿದ್ದಾಳೆ. ಗುಂಡ ಬಿಡುವುದೇ ಇಲ್ಲ, ಅಷ್ಟು ಇಷ್ಟ.

ಪಶುವೈದ್ಯೆ:

ಅದನ್ನು ಈಗಲೇ ತೆಗೆದುಬಿಡಿ ಅಕ್ಕ! ಬೆಕ್ಕಿನ ನಾಲಿಗೆ ಮೇಲೆ ಹಿಂದಕ್ಕೆ ಬಾಗಿದ ಮುಳ್ಳುಗಳಿವೆ. ನೂಲು ಸಿಕ್ಕಿಕೊಂಡರೆ ಉಗುಳಲು ಆಗುವುದಿಲ್ಲ, ಒಳಗೇ ಹೋಗುತ್ತದೆ. ಕರುಳು ಲಾಡಿ ಎಳೆದ ಹಾಗೆ ನೆರಿಗೆ ಕಟ್ಟಿ ಹರಿಯುತ್ತದೆ. ಆಗ ಆಪರೇಷನ್ನೇ ಗತಿ. ನಿಮ್ಮ ಕಡೆ ನೂಲು ಬಿಚ್ಚುವ ಮನೆಗಳಲ್ಲಿ ಬೆಕ್ಕು ಸಾಕಿದವರೂ ಗಮನಿಸಿ. ಬಾಯಿಂದಲೋ ಹಿಂದಿನಿಂದಲೋ ನೂಲು ನೇತಾಡುತ್ತಿದ್ದರೆ ಎಳೆಯಬೇಡಿ, ಹಾಗೇ ಎತ್ತಿಕೊಂಡು ಬನ್ನಿ. ಬಟ್ಟೆ ಕಟ್ಟಿದ ಕಡ್ಡಿಯನ್ನೂ ಆಟ ಮುಗಿದ ಮೇಲೆ ಎತ್ತಿಡಿ.

ಪ್ರಶ್ನೆ ಕೇಳಿದವರು (ಮೂರು ವಾರದ ನಂತರ):

ಮೇಡಂ, ನೂಲು ಅವತ್ತೇ ಬಿಸಾಡಿದೆವು. ಗುಂಡ ಚೆನ್ನಾಗಿದೆ, ಅದಕ್ಕೂ ಲಸಿಕೆ ಆಯಿತು. ಬೆಳಿಗ್ಗೆ ಈಗಲೂ ಬಾಗಿಲ ಹಿಂದೆ ಕಾಯುತ್ತದೆ, ಆದರೆ ಕಡ್ಡಿಗೆ. ಒಂದೆರಡು ಸಲ ಕೈಗೆ ಬಾಯಿ ಹಾಕಿತು, ಹಲ್ಲು ಊರಲಿಲ್ಲ. ತಾನೇ ಬಿಟ್ಟು ನನ್ನ ಮುಖ ನೋಡಿತು. ಮಗಳಿಗೆ ಇನ್ನು ಕೊನೆಯ ಸೂಜಿ ಒಂದೇ ಬಾಕಿ.