ಕ್ಯಾಲಿಫೋರ್ನಿಯಾ ಬಿಟ್ಟು ಟೆಕ್ಸಾಸ್‌ಗೆ ಹೋದರೆ ನಿಜವಾಗ್ಲೂ ದುಡ್ಡು ಉಳಿಯುತ್ತಾ?

ಬಾಡಿಗೆಮನೆ:
ಎಲ್ಲರಿಗೂ ನಮಸ್ಕಾರ. ನಾವಿರೋದು ಫ್ರೀಮಾಂಟ್‌ನಲ್ಲಿ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತೇವೆ, ಆದರೂ ಇಲ್ಲಿ ಸ್ವಂತ ಮನೆ ಅನ್ನೋದು ದೂರದ ಮಾತು. ಬಾಡಿಗೆ, ಚಿಕ್ಕವನ ಡೇಕೇರ್, ಟ್ಯಾಕ್ಸ್ ಎಲ್ಲ ಕಳೆದರೆ ಕೈಗೆ ಉಳಿಯೋದು ಅಷ್ಟಕ್ಕಷ್ಟೇ. ಡಲ್ಲಾಸ್ ಪಕ್ಕ ಫ್ರಿಸ್ಕೋದಲ್ಲಿರೋ ನಮ್ಮ ಭಾವ ಫೋನ್ ಮಾಡಿದಾಗಲೆಲ್ಲ "ಬಂದ್ಬಿಡಿ, ಇಲ್ಲಿ ಸ್ಟೇಟ್ ಇನ್‌ಕಮ್ ಟ್ಯಾಕ್ಸೇ ಇಲ್ಲ" ಅಂತಾರೆ. ಮ್ಯಾನೇಜರ್ ರಿಮೋಟ್‌ಗೆ ಒಪ್ಪಿದ್ದಾರೆ. ನನ್ನದು ಎಚ್-1ಬಿ ಕೆಲಸದ ವೀಸಾ, ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕಿದ ಐ-140 ಅರ್ಜಿ ಅಪ್ರೂವ್ ಆಗಿದೆ. ದೊಡ್ಡವಳು ಎಂಟನೇ ಕ್ಲಾಸು. ಹೋದವರು ಸ್ವಲ್ಪ ಬಿಡಿಸಿ ಹೇಳಿ.

ಪ್ಲೇನೋವಾಸಿ:
ನಿಮ್ಮ ಭಾವ ಹೇಳಿದ್ದು ನಿಜ, ಆದರೆ ಅರ್ಧ ನಿಜ. ಸರ್ಕಾರ ಆ ದುಡ್ಡನ್ನ ಮನೆ ಕಡೆಯಿಂದ ವಸೂಲಿ ಮಾಡುತ್ತದೆ. ಈ ಕಡೆ ಪ್ರಾಪರ್ಟಿ ಟ್ಯಾಕ್ಸ್ ಸುಮಾರು ಶೇ 2 ಅಂತ ಇಟ್ಟುಕೊಳ್ಳಿ, 5 ಲಕ್ಷ ಡಾಲರ್ ಮನೆಗೆ ವರ್ಷಕ್ಕೆ 10 ಸಾವಿರ ಡಾಲರ್, ಸಾಲ ತೀರಿದ ಮೇಲೂ ತಪ್ಪಿದ್ದಲ್ಲ. ಹೊಸ ಲೇಔಟ್ ಆದರೆ ನೀರು-ಚರಂಡಿ ವ್ಯವಸ್ಥೆಗೆ ಅಂತ ಮಡ್ (ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್) ಟ್ಯಾಕ್ಸ್ ಬೇರೆ ಸೇರಿರುತ್ತದೆ, ಮನೆ ತೋರಿಸೋರು ಅದನ್ನ ತಾವಾಗಿ ಹೇಳೋದು ಕಮ್ಮಿ. ನಿಮ್ಮಲ್ಲಿ 1978ರ ಪ್ರೊಪೊಸಿಷನ್ 13 ಅನ್ನೋ ಕಾನೂನು ಇರೋದರಿಂದ ಟ್ಯಾಕ್ಸ್ ಲೆಕ್ಕದ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರಲ್ಲ. ಇಲ್ಲಿ ಹೋಮ್‌ಸ್ಟೆಡ್ ಎಗ್ಸೆಂಪ್ಷನ್ (ಸ್ವಂತ ವಾಸದ ಮನೆಗೆ ಸಿಗೋ ರಿಯಾಯಿತಿ) ಹಾಕಿದರೂ ವರ್ಷಕ್ಕೆ ಶೇ 10ರ ತನಕ ಏರಿಸಬಹುದು.

ಇನ್ನು ಆಲಿಕಲ್ಲು. ನಗಬೇಡಿ! ಒಂದು ಜೋರು ಮಳೆಗೆ ಇಡೀ ಬೀದಿಯ ಸೂರು ಬದಲಾಯಿಸಿದ್ದನ್ನ ನೋಡಿದ್ದೇನೆ. ಇನ್ಶೂರೆನ್ಸ್ ಪತ್ರದಲ್ಲಿ ಗಾಳಿ-ಆಲಿಕಲ್ಲಿನ ಡಿಡಕ್ಟಿಬಲ್ ಎಷ್ಟೋ ಸಲ ಡಾಲರ್‌ನಲ್ಲಿ ಇರಲ್ಲ, ಪರ್ಸೆಂಟ್‌ನಲ್ಲಿ ಇರುತ್ತದೆ. 5 ಲಕ್ಷಕ್ಕೆ ವಿಮೆ ಮಾಡಿಸಿದ ಮನೆಗೆ ಶೇ 2 ಅಂದರೆ ಮೊದಲ 10 ಸಾವಿರ ನಿಮ್ಮ ಜೇಬಿಂದಲೇ.

ಇಷ್ಟಾದರೂ ಮನೆ ಬೆಲೆಯ ವ್ಯತ್ಯಾಸ ದೊಡ್ಡದು, ಹಾಗಾಗಿ ನಾವಂತೂ ವಾಪಸ್ ಹೋಗಲ್ಲ.

ಕಾಗದಪತ್ರ:
ಮನೆ ಆಮೇಲೆ, ಮೊದಲು ವೀಸಾ ನೋಡಿ. ಮ್ಯಾನೇಜರ್ ಒಪ್ಪಿದರೆ ಸಾಲದು. ಎಚ್-1ಬಿಯಲ್ಲಿ ನೀವು ಕೂತು ಕೆಲಸ ಮಾಡೋ ಮನೆಯೂ ಕೆಲಸದ ಜಾಗವೇ. ಬೇರೆ ಮೆಟ್ರೊ ಪ್ರದೇಶಕ್ಕೆ ಹೋಗೋದಾದರೆ ಕಂಪನಿ ಹೊಸ ಎಲ್‌ಸಿಎ (ಸಂಬಳ, ಕೆಲಸದ ಜಾಗದ ಬಗ್ಗೆ ಕಾರ್ಮಿಕ ಇಲಾಖೆಯ ದೃಢೀಕರಣ) ತೆಗೆದುಕೊಂಡು ವೀಸಾ ಅರ್ಜಿಗೆ ಅಮೆಂಡ್‌ಮೆಂಟ್ ಹಾಕಬೇಕು, ಅದೂ ನೀವು ಅಲ್ಲಿ ಕೆಲಸ ಶುರು ಮಾಡೋ ಮುಂಚೆ. ಅರ್ಜಿ ತಲುಪಿದರೆ ಸಾಕು, ಅಪ್ರೂವಲ್‌ಗೆ ಕಾಯಬೇಕಿಲ್ಲ. ಪರ್ಮ್ (ಗ್ರೀನ್ ಕಾರ್ಡ್‌ನ ಮೊದಲ ಹಂತದ ಕಾರ್ಮಿಕ ಇಲಾಖೆ ಅನುಮತಿ) ಕೂಡ ಜಾಗಕ್ಕೆ ಅಂಟಿಕೊಂಡಿರುತ್ತದೆ. ಹೊಸದಾಗಿ ಮಾಡಬೇಕಾಗಿ ಬಂದರೂ ಐ-140 ಅಪ್ರೂವ್ ಆಗಿರೋದರಿಂದ ಪ್ರಯಾರಿಟಿ ಡೇಟ್ (ಗ್ರೀನ್ ಕಾರ್ಡ್ ಸರದಿಯ ದಿನಾಂಕ) ಸಾಮಾನ್ಯವಾಗಿ ಉಳಿಯುತ್ತದೆ, ಗಾಬರಿ ಬೇಡ. ನಿಮ್ಮ ಯಜಮಾನರದ್ದು ಯಾವ ವೀಸಾ? ಮನೆ ಬದಲಿಸಿದ 10 ದಿನದೊಳಗೆ ವಿಳಾಸ ಬದಲಾವಣೆಯ ಎಆರ್-11 ಫಾರ್ಮ್ ತುಂಬೋದು ಮರೀಬೇಡಿ.

ಮತ್ತೆ ಎಚ್‌ಆರ್‌ಗೆ ನೇರವಾಗಿ ಕೇಳಿ, ಊರು ಬದಲಾದರೆ ಸಂಬಳ ಕಡಿಮೆ ಮಾಡ್ತೀರಾ ಅಂತ. ತುಂಬಾ ಕಂಪನಿಗಳಲ್ಲಿ ಹಾಗಿದೆ.

ಲೆಕ್ಕದಮ್ಮ:
ಆರ್‌ಎಸ್‌ಯು (ಸಂಬಳದ ಭಾಗವಾಗಿ ಕಂಪನಿ ಕೊಡೋ ಷೇರು) ಇದ್ದರೆ ಇನ್ನೊಂದು ವಿಷಯ. ಗ್ರಾಂಟ್ ಸಿಕ್ಕ ದಿನದಿಂದ ವೆಸ್ಟ್ ಆಗೋ (ಷೇರು ನಿಮ್ಮದಾಗೋ) ದಿನದವರೆಗೆ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡಿದಷ್ಟು ಭಾಗಕ್ಕೆ ಆ ರಾಜ್ಯ ಟ್ಯಾಕ್ಸ್ ಕೇಳುತ್ತದೆ, ನೀವು ಟೆಕ್ಸಾಸ್‌ನಲ್ಲಿದ್ದರೂ. ಹಾಗಾಗಿ ಮೊದಲೆರಡು ವರ್ಷ ಉಳಿತಾಯ ಅಂದುಕೊಂಡಷ್ಟು ಇರಲ್ಲ.

ಮಗಳ ವಿಷಯಕ್ಕೆ ಬಂದರೆ, ಹೋಗೋದಿದ್ದರೆ ಒಂಬತ್ತನೇ ಕ್ಲಾಸ್ ಶುರುವಾಗೋ ಮುಂಚೆ ಹೋಗಿ. ಟೆಕ್ಸಾಸ್‌ನಲ್ಲಿ ಹೈಸ್ಕೂಲಿನ ಮೊದಲ ಶೇ 10 ಮಕ್ಕಳಿಗೆ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ನೇರ ಪ್ರವೇಶ ಇದೆ, ಆಸ್ಟಿನ್‌ನಲ್ಲಿರೋ ಟೆಕ್ಸಾಸ್ ಯೂನಿವರ್ಸಿಟಿಗೆ ಮಾತ್ರ ಮಿತಿ ಇನ್ನೂ ಬಿಗಿ. ಆದರೆ ಫ್ರಿಸ್ಕೋ ಶಾಲೆಗಳಲ್ಲಿ ಎಲ್ಲರ ಮಕ್ಕಳೂ ಓದೋರೇ, ಆ ಶೇ 10ರೊಳಗೆ ಬರೋದು ಸುಲಭ ಅಲ್ಲ. ಅತ್ತ ಬರ್ಕ್ಲಿ, ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ ಅಂತ ಆಸೆ ಇದ್ದರೆ ಹೊರರಾಜ್ಯದವರ ಫೀಸು ಕಟ್ಟಬೇಕಾಗುತ್ತದೆ. ನಾಲ್ಕು ವರ್ಷದ ಆ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಾಕಿಕೊಳ್ಳಿ.

ಬಾಡಿಗೆಮನೆ:
ತುಂಬಾ ಥ್ಯಾಂಕ್ಸ್. ಯಜಮಾನರದ್ದು ಎಚ್-4 ಇಎಡಿ (ಎಚ್-1ಬಿಯವರ ಸಂಗಾತಿಗೆ ಸಿಗೋ ಕೆಲಸದ ಪರವಾನಗಿ), ಅವರಿಗೆ ಜಾಗದ ತಾಪತ್ರಯ ಇಲ್ಲ. ನಾಳೆ ವಕೀಲರಿಗೆ ಮೇಲ್ ಮಾಡುತ್ತೇನೆ. ಹೋದರೂ ಮೊದಲ ವರ್ಷ ಬಾಡಿಗೆಗೇ ಇರೋಣ ಅಂತಿದ್ದೇವೆ, ಭಾವನಿಗೆ ಬೇಜಾರಾಗಬಹುದು. @ಪ್ಲೇನೋವಾಸಿ, ಪ್ರಾಪರ್ಟಿ ಟ್ಯಾಕ್ಸ್ ಲೆಕ್ಕಕ್ಕೆ ಮನೆ ಬೆಲೆ ಜಾಸ್ತಿ ಹಾಕಿದ್ದಾರೆ ಅಂತ ಪ್ರೊಟೆಸ್ಟ್ (ಆಕ್ಷೇಪಣೆ) ಮಾಡುತ್ತಾರಂತಲ್ಲ, ಅದಕ್ಕೆ ಏಜೆಂಟ್ ಬೇಕೇ ಬೇಕಾ?

ಪ್ಲೇನೋವಾಸಿ:
ಬೇಡ, ನೀವೇ ಮಾಡಬಹುದು. ಕಡೇ ದಿನ ಸಾಮಾನ್ಯವಾಗಿ ಮೇ 15. ಅದೇ ಏರಿಯಾದಲ್ಲಿ ಇತ್ತೀಚೆಗೆ ಮಾರಾಟವಾದ ಮನೆಗಳ ರೇಟು, ನಿಮ್ಮ ಮನೆಯಲ್ಲಿ ಬಿರುಕು ಗಿರುಕು ಇದ್ದರೆ ಅದರ ಫೋಟೋ, ಎರಡನ್ನೂ ಸೇರಿಸಿ ಕೊಡಿ.