ಪದಚರ್ಚೆ: ‘ಸೈಟಿಂಗ್’ ಕಣ್ಣಳತೆಯೇ? ‘ನೆಗೆಟಿವ್ ಸ್ಪೇಸ್’ಗೆ ಏನನ್ನೋಣ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಡಿಸೈನ್ ಕೋರ್ಸಿನ ಮೊದಲ ಸೆಮಿಸ್ಟರಿಗೆ, ವಸ್ತುವನ್ನು ಎದುರಿಗಿಟ್ಟು ನೋಡಿ ಬರೆಯುವ ಚಿತ್ರಾಭ್ಯಾಸದ ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಎರಡು ಪದ ಕಾಡುತ್ತಿವೆ. ತೋಳು ಚಾಚಿ ಪೆನ್ಸಿಲಿನಲ್ಲಿ ಅಳತೆ ತೆಗೆಯುವ ‘ಸೈಟಿಂಗ್’ಗೆ ಕರಡಿನಲ್ಲಿ ‘ಕಣ್ಣಳತೆ’ ಎಂದಿದೆ; ಸರಿಯೇ? ವಸ್ತುವಿನ ಸುತ್ತಲೂ ಅದರ ಭಾಗಗಳ ನಡುವೆಯೂ ಉಳಿಯುವ ಖಾಲಿ ಜಾಗ, ಅಂದರೆ ‘ನೆಗೆಟಿವ್ ಸ್ಪೇಸ್’ಗೆ ‘ಋಣ ಅವಕಾಶ’ ಎಂದು ಹಾಕಿದರೆ ಸಾಲದ ಯೋಜನೆಯ ಹಾಗೆ ಕೇಳಿಸುತ್ತದೆ. ಬೇರೆ ಏನಿದೆ?

ಉತ್ತರ 1:
‘ಕಣ್ಣಳತೆ’ ಬೇಡ ಸರ್. ಕನ್ನಡದಲ್ಲಿ ಕಣ್ಣಳತೆ ಎಂದರೆ ಅಂದಾಜು. ಸೈಟಿಂಗ್ ಇರುವುದೇ ಆ ಅಂದಾಜನ್ನು ಒರೆಗೆ ಹಚ್ಚುವುದಕ್ಕೆ. ‘ಪೆನ್ಸಿಲ್ ಅಳತೆ’ ಎನ್ನಿ, ಏನು ಮಾಡಬೇಕೆಂದು ಕೈಗೆ ತಿಳಿಯುತ್ತದೆ.

ವಿವರಣೆಯಲ್ಲಿ ಇಷ್ಟಾದರೂ ಬರಲಿ: ಮೊಣಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ತುದಿಯನ್ನು ಲೋಟದ ಬಾಯಂಚಿಗೆ ಹೊಂದಿಸಬೇಕು, ಬುಡ ಕಾಣುವಲ್ಲಿಗೆ ಹೆಬ್ಬೆರಳ ಉಗುರು ಬರಬೇಕು. ಉಗುರು ಕದಲಿಸದೆ ಪೆನ್ಸಿಲನ್ನು ಅಡ್ಡ ತಿರುಗಿಸಿ ಅಗಲಕ್ಕೆ ಹಿಡಿದರೆ, ಅಗಲ ಎತ್ತರದ ಎಷ್ಟು ಪಾಲು ಎಂಬುದು ಸಿಗುತ್ತದೆ. ಸಿಗುವುದು ಪ್ರಮಾಣ ಮಾತ್ರ. ಉಗುರಿನವರೆಗಿನ ಉದ್ದವನ್ನೇ ಹಾಳೆಗೆ ಇಳಿಸುವವರ ಚಿತ್ರ ಎ3 ಹಾಳೆಯ ನಡುವೆ ಹೆಬ್ಬೆರಳಷ್ಟಾಗಿ ಕೂತಿರುತ್ತದೆ.

ತಿರುಗಿಸುವಾಗ ಮೊಣಕೈ ಮಡಿಯುವುದು ಇನ್ನೊಂದು ತಪ್ಪು. ಕಣ್ಣಿನಿಂದ 60 ಸೆಂ.ಮೀ. ದೂರವಿದ್ದ ಪೆನ್ಸಿಲ್ 54ಕ್ಕೆ ಬಂದರೆ ಅಳತೆ ಹತ್ತರಲ್ಲಿ ಒಂದು ಪಾಲು ಕುಗ್ಗುತ್ತದೆ. ಇದಕ್ಕಿಂತ ಕೆಟ್ಟದ್ದು, ಸ್ಟೂಲಿನ ಹಿಂದಕ್ಕೆ ಸರಿಯುವ ಅಂಚನ್ನು ಅಳೆಯುವಾಗ ಪೆನ್ಸಿಲನ್ನೂ ಅದೇ ದಿಕ್ಕಿಗೆ ಚಾಚುವುದು. ಆಗ ಕುಗ್ಗಿ ಕಾಣಬೇಕಾದ ಅಂಚು ಕುಗ್ಗುವುದೇ ಇಲ್ಲ. ಎದುರಿಗೆ ಗಾಜಿನ ಹಲಗೆ ಇದೆಯೆಂದೂ ಪೆನ್ಸಿಲ್ ಅದಕ್ಕೆ ಅಂಟಿಕೊಂಡೇ ತಿರುಗಬೇಕೆಂದೂ ಹೇಳಿದರೆ ಮಕ್ಕಳಿಗೆ ಬೇಗ ಹಿಡಿಯುತ್ತದೆ.

ಉತ್ತರ 2:
‘ಪೆನ್ಸಿಲ್ ಅಳತೆ’ಗೆ ನನ್ನದೂ ಒಪ್ಪಿಗೆ. ‘ನೆಗೆಟಿವ್ ಸ್ಪೇಸ್’ಗೆ ‘ತೆರಪು’ ಆಗಬಹುದು. ‘ಸಂದು’ ಎಂದರೆ ಕುರ್ಚಿಯ ಕಾಲುಗಳ ನಡುವಿನದಷ್ಟೇ ಆಯಿತು, ಕುರ್ಚಿಯ ಸುತ್ತಲಿನ ಜಾಗ ಹೊರಗುಳಿಯಿತು. ‘ಹಿನ್ನೆಲೆ’ಯಂತೂ ಬೇಡವೇ ಬೇಡ. ಹಿನ್ನೆಲೆ ಎಂದ ಕೂಡಲೇ ಅದು ಮುಖ್ಯವಲ್ಲ, ಕೊನೆಗೆ ತುಂಬಿದರಾಯಿತು ಎಂಬ ಭಾವ ಬಂದುಬಿಡುತ್ತದೆ. ಇಲ್ಲಿ ಮೊದಲು ಬರೆಯಬೇಕಾದದ್ದೇ ಅದು. ಕುರ್ಚಿಯ ನಾಲ್ಕೂ ಕಾಲು ಸಮ ಎಂದು ವಿದ್ಯಾರ್ಥಿಗೆ ಮೊದಲೇ ಗೊತ್ತು. ಹಾಗಾಗಿ ಕಂಡದ್ದನ್ನು ಬಿಟ್ಟು ಗೊತ್ತಿದ್ದುದನ್ನು ಬರೆಯುತ್ತಾನೆ. ಎರಡು ಕಾಲು, ಒಂದು ಅಡ್ಡಪಟ್ಟಿ, ನೆಲ ಸೇರಿ ಆಗುವ ಓರೆ ಚೌಕದ ಆಕಾರ ಮಾತ್ರ ಯಾರಿಗೂ ಬಾಯಿಪಾಠವಿಲ್ಲ. ಅದನ್ನು ನೋಡಿಯೇ ಬರೆಯಬೇಕು.

ಜೊತೆಗೆ, ಬರೆಯಬೇಕಾದಷ್ಟನ್ನೇ ಚೌಕಟ್ಟು ಹಾಕಿ ನೋಡಲು ಕಣ್ಣೆದುರು ಹಿಡಿಯುವ ತೂತಿನ ರಟ್ಟು ‘ವ್ಯೂಫೈಂಡರ್’ಗೆ ‘ಕಿಂಡಿರಟ್ಟು’ ಹೇಗೆ? 1435ರ ತನ್ನ ಚಿತ್ರಕಲೆಯ ಗ್ರಂಥದಲ್ಲಿ ಚಿತ್ರವನ್ನು ತೆರೆದ ಕಿಟಕಿಗೆ ಹೋಲಿಸಿದ ಇಟಲಿಯ ಆಲ್ಬರ್ಟಿ ಇದ್ದಾನಲ್ಲ, ಅವನಿಗೂ ಒಪ್ಪಿಗೆಯಾದೀತು. ಎ3 ಹಾಳೆಗೆ ರಟ್ಟಿನಲ್ಲಿ 5×7 ಸೆಂ.ಮೀ. ಕಿಂಡಿ ಕತ್ತರಿಸಿದರೆ ಹೆಚ್ಚುಕಡಿಮೆ ಹಾಳೆಯದೇ ಪ್ರಮಾಣ ಸಿಗುತ್ತದೆ. ಚೌಕ ಕತ್ತರಿಸಿದರೆ ಕಿಂಡಿಯಲ್ಲಿ ಕಂಡ ತೆರಪು ಹಾಳೆಗೆ ಹೊಂದುವುದಿಲ್ಲ. ಕುರ್ಚಿ ಕಿಂಡಿಯ ಎರಡು ಮೂರು ಅಂಚಿಗಾದರೂ ತಾಗುವ ಹಾಗೆ ರಟ್ಟನ್ನು ಹಿಂದೆ ಮುಂದೆ ಸರಿಸಿಕೊಳ್ಳಬೇಕು. ಎಲ್ಲೂ ತಾಗದಿದ್ದರೆ ಸುತ್ತಲಿನದೆಲ್ಲ ಒಂದೇ ತೆರಪಾಗಿ, ಅದರ ಆಕಾರ ಹಿಡಿಯುವುದು ಕಷ್ಟ.

ಗ್ರಾಫಿಕ್ ಡಿಸೈನಿಗೆ ಹೋಗುವವರಿಗೆ ಈ ಪದ ಮುಂದೆಯೂ ಬರುತ್ತದೆ. ‘ರ’ ಅಕ್ಷರದ ಹೊಟ್ಟೆಯೊಳಗಿನ ಬಿಳಿಯೂ ತೆರಪೇ, ಎರಡು ಅಕ್ಷರಗಳ ನಡುವಿನದೂ ತೆರಪೇ.

ಪ್ರಶ್ನೆ ಕೇಳಿದವರು:
ಎರಡೂ ತೆಗೆದುಕೊಂಡೆ, ಧನ್ಯವಾದ. ಲೋಟದ ದುಂಡು ಬಾಯಿ ಓರೆಯಿಂದ ನೋಡಿದಾಗ ಕಾಣುವ ಆಕಾರ, ‘ಎಲಿಪ್ಸ್’ಗೆ ಗಣಿತದ ‘ದೀರ್ಘವೃತ್ತ’ವನ್ನೇ ಇಡಲೇ?

ಉತ್ತರ 1:
ಇಡಿ, ಶಾಲೆಯಲ್ಲಿ ಕೇಳಿದ ಪದ. ಪಕ್ಕದಲ್ಲಿ ಎರಡು ಎಚ್ಚರಿಕೆ ಸೇರಿಸಿ. ತುದಿಗಳು ಬಾದಾಮಿಯ ಹಾಗೆ ಚೂಪಾಗಬಾರದು, ಅಲ್ಲೂ ರೇಖೆ ದುಂಡಗೆ ತಿರುಗಬೇಕು. ಮೇಲಿನಿಂದ ನೋಡುವಾಗ ನೇರ ಬದಿಯ ಲೋಟದ ಬುಡದ ದೀರ್ಘವೃತ್ತ ಬಾಯಿಯದಕ್ಕಿಂತ ಹೆಚ್ಚು ದುಂಡಗಿರುತ್ತದೆ, ಏಕೆಂದರೆ ಅದು ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿದೆ. ಲೋಟ ಮೇಜಿನ ಮೇಲೆ ಸಪಾಟಾಗಿ ಕೂತಿದೆಯಲ್ಲ ಎಂದು ಬುಡಕ್ಕೆ ನೇರ ಗೆರೆ ಎಳೆಯುವವರೇ ಹೆಚ್ಚು. ಕಾಣದ ಹಿಂದಿನ ಅರ್ಧವನ್ನೂ 2ಎಚ್ ಪೆನ್ಸಿಲಿನಲ್ಲಿ ತೆಳುವಾಗಿ ಪೂರ್ತಿ ಸುತ್ತಿಸಿ, ಆಮೇಲೆ ಮುಂದಿನ ಅರ್ಧವನ್ನಷ್ಟೇ ಗಾಢ ಮಾಡಿಸಿ.