ಓದುಗರ ಸ್ಪಂದನ: ಅತ್ತೆಯ ಆಪರೇಷನ್ ಎಲ್ಲಿ ಮಾಡಿಸಲಿ?

ಕಳೆದ ಸಂಚಿಕೆಯಲ್ಲಿ ದಾವಣಗೆರೆ ಜಿಲ್ಲೆಯ ಗೃಹಿಣಿಯೊಬ್ಬರು ತಮ್ಮ ಇಕ್ಕಟ್ಟು ತೋಡಿಕೊಂಡಿದ್ದರು. ಅತ್ತೆಗೆ ಪಿತ್ತಕೋಶದಲ್ಲಿ ಕಲ್ಲು. ಆಪರೇಷನ್ ಬೇಕು, ಆದರೆ ಅವಸರವಿಲ್ಲ ಎಂದಿದ್ದಾರೆ ಡಾಕ್ಟರು. ಸರ್ಕಾರಿ ಆಸ್ಪತ್ರೆ ಎಂದರೆ ನಾದಿನಿಯರು, "ನಿನ್ನ ತಾಯಿಯಾಗಿದ್ದರೆ ಅಲ್ಲಿಗೆ ಹಾಕ್ತಿದ್ದೆಯಾ?" ಎನ್ನುತ್ತಾರೆ. ಖಾಸಗಿಯವರು ಅರವತ್ತು ಸಾವಿರ ಮುಂಗಡ, "ಉಳಿದದ್ದು ಆಮೇಲೆ" ಎಂದಿದ್ದಾರೆ. ಗಂಡ ಮಾಂಗಲ್ಯದ ಸರ ಅಡವಿಡೋಣ ಅನ್ನುತ್ತಿದ್ದಾರೆ. ಮನೆಯಲ್ಲಿ ಬಿಪಿಎಲ್ ಕಾರ್ಡಿದೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ರೈತರು, ಹಾವೇರಿ ಜಿಲ್ಲೆ

ತಂಗೀ, "ಉಳಿದದ್ದು ಆಮೇಲೆ" ಅನ್ನೋ ಮಾತು ಓದಿ ಮುಂದಕ್ಕೆ ಓದೋಕೆ ಆಗಲಿಲ್ಲ. ನನ್ನ ತಮ್ಮನನ್ನು ಸೇರಿಸಿಕೊಂಡಾಗಲೂ ಇದೇ ಮಾತು ಅಂದಿದ್ದರು. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ನಾವು ಐಸಿಯು ಹೊರಗೆ ಚಾಪೆ ಹಾಸಿಕೊಂಡು ಬಿದ್ದಿರುತ್ತಿದ್ದೆವು. ನಡುರಾತ್ರಿ ಬಾಗಿಲು ಅರ್ಧ ತೆರೆದು, "ಏಳನೇ ಬೆಡ್ಡಿನ ಕಡೆಯವರು ಯಾರ್ರೀ?" ಅಂತ ಕೂಗೋರು. ಹುಡುಗ ಹೇಗಿದಾನೆ ಅಂತ ಹೇಳೋಕಲ್ಲ, ಔಷಧದ ಚೀಟಿ ಕೊಡೋಕೆ. ಕೆಳಗಿನ ಮೆಡಿಕಲ್‌ಗೆ ಓಡಿ, ದುಡ್ಡು ಕೊಟ್ಟು, ಚೀಲ ತಂದುಕೊಟ್ಟರೆ ಮತ್ತೆ ಬಾಗಿಲು ಮುಚ್ಚೋದು. ಅದರಲ್ಲಿ ಅವನ ಮೈಗೆ ಎಷ್ಟು ಹೋಯಿತೋ ದೇವರಿಗೇ ಗೊತ್ತು. ಎತ್ತು ಕೊಳ್ಳುವಾಗ ಹಲ್ಲು ನೋಡ್ತೀವಿ, ನಾಲ್ಕು ಮಂದಿಯನ್ನ ಕೇಳ್ತೀವಿ, ದರ ಕುದುರದಿದ್ದರೆ ಸಂತೆಯಿಂದ ಎದ್ದು ಬರ್ತೀವಿ. ಒಳಗೆ ತಮ್ಮನನ್ನು ಮಲಗಿಸಿ ಹೊರಗೆ ನಿಂತವನು ಎಲ್ಲಿಗೆ ಎದ್ದು ಹೋಗಬೇಕು? ಅವನು ಉಳಿಯಲಿಲ್ಲ. ನಮ್ಮ ಸೋದರಮಾವ ಮೆಣಸಿನಕಾಯಿ ದಲಾಲಿ ಅಂಗಡಿಯಿಂದ ಸಾಲ ಎತ್ತಿ ತಂದು ಬಾಕಿ ಕಟ್ಟುವವರೆಗೂ ಹೆಣ ಕೊಡಲಿಲ್ಲ. ನಮ್ಮವ್ವ ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದಳು. ಎರಡು ಎಕರೆ ಹೋಯಿತು. ಅದರ ಮಾತು ಬಿಡಿ. ನಿಮ್ಮ ಅತ್ತೆ ಇನ್ನೂ ಒಳಗೆ ಹೋಗಿಲ್ಲ. ಕೇಳೋದೆಲ್ಲ ಈಗಲೇ ಕೇಳಿ, ಬರೆಸಿಕೊಂಡು ಕೇಳಿ.

*ಈ ಹಿರಿಯರ ದುಃಖಕ್ಕೆ ನಮ್ಮಲ್ಲಿ ಮಾತಿಲ್ಲ. ಓದುಗರ ಗಮನಕ್ಕೆ: 2017ರಲ್ಲಿ ತಿದ್ದುಪಡಿಯಾದ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಬಾಕಿ ಹಣಕ್ಕಾಗಿ ಶವ ತಡೆಹಿಡಿಯುವಂತಿಲ್ಲ. ತುರ್ತು ಸ್ಥಿತಿಯಲ್ಲಿ ಮುಂಗಡಕ್ಕೆ ಪಟ್ಟು ಹಿಡಿಯುವಂತೆಯೂ ಇಲ್ಲ.*

ನಿವೃತ್ತ ಶಿಕ್ಷಕಿ, ಬಳ್ಳಾರಿ

ಹೊಟ್ಟೆ ನೋವು ಅತ್ತೆಯದು. ಪತ್ರದ ತುಂಬ ನಾದಿನಿ, ಗಂಡ, ಸರ. ಆಕೆಯ ಒಂದು ಮಾತೂ ಇಲ್ಲ. ಮೊದಲು ಆಕೆಯನ್ನು ಕೇಳಮ್ಮ.

ಅರ್ಥಶಾಸ್ತ್ರ ಉಪನ್ಯಾಸಕರು, ಧಾರವಾಡ

2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ, ಹೆರಿಗೆ ಬಿಟ್ಟು, ಒಂದು ಸಲ ಒಳರೋಗಿಯಾಗಿ ಸೇರಿದರೆ ದೇಶದಲ್ಲಿ ಆಗುವ ಸರಾಸರಿ ವೈದ್ಯಕೀಯ ಖರ್ಚು ಸರ್ಕಾರಿ ಆಸ್ಪತ್ರೆಯಲ್ಲಿ 4,452 ರೂಪಾಯಿ, ಖಾಸಗಿಯಲ್ಲಿ 31,845. ಆದರೂ ಅರ್ಧಕ್ಕಿಂತ ಹೆಚ್ಚು ಮಂದಿ ಸೇರಿದ್ದು ಖಾಸಗಿಗೇ. ಏಳು ಪಟ್ಟು ದುಡ್ಡು ಕೊಟ್ಟರೆ ಏಳು ಪಟ್ಟು ಒಳ್ಳೆಯ ಚಿಕಿತ್ಸೆ ಸಿಗುತ್ತದೆಂದು ಯಾರೂ ಅಳೆದು ನೋಡಿ ಹೋದವರಲ್ಲ. ಏನು ಬೇಕು, ಎಷ್ಟು ದಿನ ಇರಬೇಕು ಅನ್ನುವುದನ್ನೂ ಮಾರುವವರೇ ಹೇಳುವ ಕಡೆ ಕೊಳ್ಳುವವರಿಗೆ ಬೆಲೆಯೊಂದೇ ಗುರುತು. ದುಬಾರಿಯಾದದ್ದು ಒಳ್ಳೆಯದಿರಬೇಕು ಎಂದುಕೊಳ್ಳುತ್ತೇವೆ. ನಿಮ್ಮ ನಾದಿನಿಯರದ್ದೂ ಅದೇ ನಂಬಿಕೆ. ಅವರ ಮೇಲೆ ಸಿಟ್ಟಾಗಬೇಡಿ.

ಶುಶ್ರೂಷಕಿ, ಜಿಲ್ಲಾಸ್ಪತ್ರೆಯೊಂದರಿಂದ

ನಮ್ಮಲ್ಲಿ ರಶ್ ಇದೆ. ಆಪರೇಷನ್ ದಿನಾಂಕ ಮುಂದಕ್ಕೆ ಹೋಗುತ್ತದೆ, ಶೌಚಾಲಯದ ವಿಚಾರ ಹೇಳಲು ನನಗೇ ನಾಚಿಕೆ. ಜೊತೆಗೆ ಒಬ್ಬರು ಇರಲೇಬೇಕು, ಸ್ಕ್ಯಾನಿಂಗ್ ರಿಪೋರ್ಟುಗಳನ್ನು ಕೈಯಲ್ಲೇ ಇಟ್ಟುಕೊಂಡಿರಬೇಕು. ಆದರೆ ನಮ್ಮ ಸರ್ಜನ್‌ಗಳು ವಾರ ವಾರವೂ ಮಾಡುವ ಆಪರೇಷನ್ ಇದು. ಬೇಡದ ಆಪರೇಷನ್ ಮಾಡಿ ಅವರಿಗೆ ಆಗಬೇಕಾದ್ದೇನೂ ಇಲ್ಲ. ಬೆಳಿಗ್ಗೆ ಎಂಟಕ್ಕೇ ಹೊರರೋಗಿ ವಿಭಾಗದ (ಒಪಿಡಿ) ಚೀಟಿ ಮಾಡಿಸಿ.

ಸಣ್ಣ ನರ್ಸಿಂಗ್ ಹೋಮ್ ನಡೆಸುವ ವೈದ್ಯರು, ತುಮಕೂರು

ಖಾಸಗಿಯವರೆಲ್ಲ ಸುಲಿಗೆಕೋರರಲ್ಲ. ಸರ್ಕಾರದ ಆರೋಗ್ಯ ಯೋಜನೆಯ ರೋಗಿಗಳನ್ನು ನೋಡಿ ತಿಂಗಳುಗಟ್ಟಲೆ ಹಣ ಬರದೆ, ಸಿಬ್ಬಂದಿಯ ಸಂಬಳಕ್ಕೆ ಸಾಲ ಮಾಡಿದ್ದೇನೆ. ಇದನ್ನೂ ಯಾರಾದರೂ ಬರೆಯಬೇಕು.

*ಬರೆಯಬೇಕಾದ್ದೇ, ಮುಂದೊಂದು ಸಂಚಿಕೆಯಲ್ಲಿ ಅದಕ್ಕೆ ಜಾಗ ಕೊಡುತ್ತೇವೆ. ಈ ಮನೆಯ ಪ್ರಶ್ನೆ ಬೇರೆ.*

ಹಾಲು ಉತ್ಪಾದಕರ ಸಂಘದ ಸದಸ್ಯರು, ಮಂಡ್ಯ

ಸಹಕಾರ ಸಂಘಗಳ ಸದಸ್ಯರೆಲ್ಲ ತಮಗಿರುವ ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸಿಕೊಳ್ಳಿ. 2003ರಲ್ಲಿ ಶುರುವಾದ ಯೋಜನೆ 2018ರಲ್ಲಿ ನಿಂತಾಗ ನಮ್ಮ ಕೈ ಮುರಿದಂತಾಗಿತ್ತು, ಈಗ ಮತ್ತೆ ಬಂದಿದೆ. ನಮ್ಮ ಸಂಘದಲ್ಲಿ ಎಷ್ಟು ಹೇಳಿದರೂ ಹುಡುಗರು ನೋಂದಣಿ ಮಾಡಿಸುವುದಿಲ್ಲ. ಕಾಯಿಲೆ ಬಂದ ಮೇಲೆ ಓಡಿ ಬರುತ್ತಾರೆ.

*ದಾವಣಗೆರೆಯ ಸಹೋದರಿಗೆ: ಸರ ಸದ್ಯ ನಿಮ್ಮ ಕೊರಳಲ್ಲೇ ಇರಲಿ. ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ತುರ್ತಿಲ್ಲದಾಗ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆಗದಿದ್ದರೆ ಅವರೇ ಶಿಫಾರಸು ಪತ್ರ ಕೊಟ್ಟು ಯೋಜನೆಗೆ ಒಳಪಟ್ಟ ಖಾಸಗಿ ಆಸ್ಪತ್ರೆಗೆ ಕಳಿಸುತ್ತಾರೆ. ಅನುಮಾನವಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ. ಹೋಗುವಾಗ ಅತ್ತೆಯ ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಒಬ್ಬ ನಾದಿನಿಯನ್ನೂ ಕರೆದುಕೊಂಡು ಹೋಗಿ.*